ವೇಷ ಕಾಣದ ದರ್ಜಿ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಹಾಲು ತರಲು ಹೋದಾಗಲೂ ಕತ್ತಿನಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಅವನು ಇಂಚುಟೇಪು. ಹೆಂಡತಿ ಮಾತ್ರ ‘ರೀ’ ಎನ್ನುತ್ತಿದ್ದಳು, ಅದೂ ಕೋಪ ಬರದಿದ್ದಾಗ.

ಇಂಚುಟೇಪು ಸಮವಸ್ತ್ರದ ದರ್ಜಿ. ಶಾಲೆಯ ಮಕ್ಕಳ ಅಂಗಿ, ಆಸ್ಪತ್ರೆಯ ದಾದಿಯರ ಕೋಟು, ಕಾವಲುಗಾರರ ಷರ್ಟು, ಬಸ್ಸಿನವರ ಖಾಕಿ. ಇದರಾಚೆ ಅವನು ಕತ್ತರಿ ಹಾಕಿದವನಲ್ಲ. ಮೀಸೆ ಮೂಡುವ ಮೊದಲೇ ಸೋದರಮಾವನ ಅಂಗಡಿಗೆ ಕಾಜ ಹೊಲಿಯಲು ಬಂದು ಕೂತವನು, ಮಾವ ಕಣ್ಣುಮುಚ್ಚಿದ ಮೇಲೆ ಅದೇ ಅಂಗಡಿಯ ಯಜಮಾನನಾದ. ಬಣ್ಣಬಣ್ಣದ ಬಟ್ಟೆ ಹಿಡಿದು ಯಾರಾದರೂ ಮೆಟ್ಟಿಲು ಹತ್ತಿದರೆ, ಔಷಧಿ ಅಂಗಡಿಗೆ ಬಂದು ಮೊಳೆ ಕೇಳಿದವರನ್ನು ನೋಡುವಂತೆ ನೋಡಿ ವಾಪಸು ಕಳಿಸುತ್ತಿದ್ದ.

ಈ ಕಸುಬು ಅವನ ಕಣ್ಣನ್ನು ಕೆಡಿಸಿತ್ತು. ಎದುರಿಗೆ ಬಂದವರ ಮುಖ ಅವನಿಗೆ ಕಾಣುತ್ತಲೇ ಇರಲಿಲ್ಲ, ಕಾಲರ್ ಕಾಣುತ್ತಿತ್ತು. ಸಿನಿಮಾದಲ್ಲಿ ನಾಯಕ ಪ್ರಾಣ ಬಿಡುತ್ತಿರುವಾಗ “ಅವನ ಕಂಕುಳ ಹೊಲಿಗೆ ಬಿಟ್ಟಿದೆ ನೋಡೇ” ಎಂದು ಪಿಸುಗುಟ್ಟಿ ಹೆಂಡತಿಯಿಂದ ತಿವಿಸಿಕೊಂಡಿದ್ದ. ಅವಳಿಗೆ ಆ ಹೊತ್ತಿಗೆ ಅಳು ಬಂದಿತ್ತು, ತಿವಿದ ಮೇಲೆ ನಗು ಬಂತು, ಎರಡರ ನಡುವೆ ಸಿನಿಮಾ ಮುಗಿಯಿತು.

ಇಂಥವನಿಗೆ ಫೋನಿನ ಆಟದ ಹುಚ್ಚು ಹಿಡಿಸಿದವನು ಬಾಮೈದ. ಹೆಂಡತಿಯ ತಮ್ಮ, ಸಿಟಿ ಬಸ್ಸಿನ ಚಾಲಕ. ಆಟ ಸರಳವಾಗಿತ್ತು. ಎರಡು ತಂಡ, ಎರಡು ಕೋಟೆ. ಎದುರಾಳಿಯ ಕೋಟೆಯ ದೀಪವನ್ನು ಕದ್ದು ತರಬೇಕು, ಅಡ್ಡ ಬಂದವರನ್ನು ಹೊಡೆದುರುಳಿಸಬೇಕು. ಪ್ರಪಂಚದ ಮೂಲೆಮೂಲೆಯವರು ಆಡುತ್ತಿದ್ದರು. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಟಿಂಗ್ ಟೇಬಲ್ಲಿನ ಸುತ್ತ ಇಂಚುಟೇಪು, ಬಾಮೈದ, ಇಂಚುಟೇಪುವಿನ ಮಗಳು, ಮೂವರೂ ಒಂದೊಂದು ಫೋನು ಹಿಡಿದು ಒಂದು ತಂಡವಾಗುತ್ತಿದ್ದರು. ಹೆಂಡತಿ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತ ಮೂವರನ್ನೂ ಬೈಯುತ್ತಿದ್ದಳು.

ಇಂಚುಟೇಪುವಿಗೆ ಆಟ ಹಿಡಿಸಿದ್ದಕ್ಕೆ ಒಂದೇ ಕಾರಣ. ಹೊಸದಾಗಿ ಬಂದವರಿಗೆಲ್ಲ ಅಲ್ಲಿ ಒಂದೇ ಬೂದುಬಣ್ಣದ ಉಡುಪು: ನೆಟ್ಟಗಿನ ಕಾಲರ್, ಎದೆಗೆ ಎರಡು ಜೇಬು. ಮೊದಲ ದಿನವೇ ಅವನು “ಪರವಾಗಿಲ್ಲ, ಇವರಿಗೆ ಯಾರೋ ತಿಳಿದವರು ಹೊಲಿದುಕೊಟ್ಟಿದ್ದಾರೆ” ಎಂದು ಒಪ್ಪಿಗೆ ಕೊಟ್ಟ.

ಆದರೆ ದುಡ್ಡು ಕೊಟ್ಟರೆ ಬೇರೆ ವೇಷವೂ ಸಿಗುತ್ತಿತ್ತು. ಬಾಳೆಹಣ್ಣು, ಐಸ್‌ಕ್ರೀಮು, ಹೆಣ್ಣು ಭೂತ, ಮಂಚ. ಹೌದು, ಒಬ್ಬ ಮಂಚವಾಗಿ ಬಂದು ದೀಪ ಕದ್ದಿದ್ದ. ಬಾಮೈದ ಹುಂಜದ ವೇಷ ಕೊಂಡ. ಬೆಂಕಿಯಂತೆ ಉರಿಯುವ ಜುಟ್ಟು, ಓಡಿದರೆ ಉದುರುವ ಪುಕ್ಕ. ಇದರಿಂದ ಆಟಕ್ಕೇನೂ ಲಾಭವಿಲ್ಲ. ಹುಂಜವಾದರೂ ಒಂದೇ ಏಟು, ಬೂದುಬಟ್ಟೆಯಾದರೂ ಒಂದೇ ಏಟು. ನಷ್ಟವಾದದ್ದು ಇಂಚುಟೇಪುವಿಗೆ. ಎದುರಾಳಿ ಕೋಟು ತೊಟ್ಟು ಬಂದರೆ ಇವನು ಬಂದೂಕು ಎತ್ತುವ ಬದಲು ಕೋಟಿನ ಹೊಲಿಗೆ ನೋಡುತ್ತ ನಿಲ್ಲುತ್ತಿದ್ದ. ಅಷ್ಟರಲ್ಲಿ ಬಿದ್ದಿರುತ್ತಿದ್ದ.

“ಭಾವ, ಯಾಕೆ ಹಾಗೆ ಕಂಬದ ಥರ ನಿಂತ್ರಿ?”

“ಆ ಮನುಷ್ಯನ ಬೆನ್ನಲ್ಲಿ ಪಟ್ಟೆಗೆ ಪಟ್ಟೆ ಸೇರಿಲ್ಲ ಕಣಯ್ಯಾ.”

“ಅವನು ನಿಮ್ಮನ್ನ ಕೊಂದ!”

“ಕೊಂದರೆ ಕೊಂದ. ಪಟ್ಟೆ ಸೇರಿಸೋಕೆ ಬರಲ್ಲ ಅವನ ದರ್ಜಿಗೆ.”

ಇಂಥ ಹೊತ್ತಿನಲ್ಲಿ ಆಟದವರು ಒಂದು ಹೊಸ ಸ್ವಿಚ್ಚು ತಂದರು: ‘ಇತರರ ವೇಷ ಮರೆಮಾಡು’. ಒತ್ತಿದರೆ ನಮ್ಮ ಫೋನಿನಲ್ಲಿ ಎಲ್ಲರೂ ಬೂದುಬಟ್ಟೆಯವರೇ. ಯಾರು ಯಾರೆಂದು ತಲೆಯ ಮೇಲೆ ತೇಲುವ ಹೆಸರಿನಿಂದ ತಿಳಿಯಬೇಕು. ಇದು ಇರಲೋ ಬೇಡವೋ ಎಂದು ಆಡುವವರ ಅಭಿಪ್ರಾಯವನ್ನೂ ಕೇಳಿದ್ದರು. ಕಟಿಂಗ್ ಟೇಬಲ್ಲಿನ ಸುತ್ತ ಕದನ ಹತ್ತಿಕೊಂಡಿತು.

“ನಾಲ್ಕು ಜನ ನೋಡ್ಲಿ ಅಂತ ತಾನೇ ನಾನು ವೇಷ ಕೊಂಡಿದ್ದು?” ಎಂದ ಬಾಮೈದ. “ನೀವು ಕಣ್ಣು ಮುಚ್ಕೊಂಡ್ರೆ ನನ್ನ ಹುಂಜ ಯಾರಿಗೆ ಕೂಗ್ಬೇಕು?”

“ನೀನು ಕೊಂಡಿದ್ದು ನಿನ್ನ ಮೈಗೆ. ನನ್ನ ಕಣ್ಣನ್ನೂ ಸೇರಿಸಿ ಕೊಂಡ್ಯಾ?”

“ದಿನವಿಡೀ ನೀವು ಹೊಲಿದ ಖಾಕೀಲಿ ಬೇಯ್ತೀನಿ ಭಾವ. ಭಾನುವಾರವಾದ್ರೂ ಹುಂಜ ಆಗೋಕೆ ಬಿಡಿ.”

“ಆಗು! ಬೇಡ ಅಂದವರು ಯಾರು? ನಿನ್ನ ಫೋನಲ್ಲಿ ಹುಂಜ ಆಗು, ಊರವರ ಫೋನಲ್ಲೆಲ್ಲ ಹುಂಜ ಆಗು. ನನ್ನ ಫೋನಲ್ಲಿ ಮನುಷ್ಯ ಆಗಿರು, ಸಾಕು.”

ಮಗಳು ಮಾವನ ಪಕ್ಷ ವಹಿಸಿದಳು. “ಅಪ್ಪ, ಒಬ್ಬರು ಇಷ್ಟಪಟ್ಟು ಹಾಕ್ಕೊಂಡಿದ್ದನ್ನ ನೋಡಲ್ಲ ಅನ್ನೋದು ಅವರ ಮುಖಕ್ಕೇ ಬಾಗಿಲು ಹಾಕಿದ ಹಾಗಲ್ವಾ?”

ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತದೆ ನುಡಿದಳು. “ಇಂಥ ಸ್ವಿಚ್ಚು ಮನೇಲಿ ಇದ್ದಿದ್ರೆ ನಿಮ್ಮಪ್ಪನ ತೂತು ಬನಿಯನ್ ಕಾಣದ ಹಾಗೆ ನಾನು ಎಂದೋ ಒತ್ತಿಬಿಡ್ತಿದ್ದೆ.”

ಮೂವರ ಬಾಯಿಗೆ ಒಬ್ಬನ ಬಾಯಿ ಸಾಟಿಯಾಗಲಿಲ್ಲ. ಆ ಸ್ವಿಚ್ಚಿನ ಗೊಡವೆಗೆ ಹೋಗುವುದಿಲ್ಲವೆಂದು ಇಂಚುಟೇಪು ಮಾತು ಕೊಟ್ಟ. ಮನೆಗೆ ಹೊರಟ ಬಾಮೈದ ಬೀದಿಯ ತಿರುವು ದಾಟುವ ಮೊದಲೇ ಇಂಚುಟೇಪು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅದನ್ನು ಒತ್ತಿದ.

ಅಂದಿನಿಂದ ಅವನ ಕೈ ಕುದುರಿತು. ನೋಡಲು ಹೊಲಿಗೆಯೇ ಇಲ್ಲದ ಮೇಲೆ ಗುರಿ ತಾನಾಗಿ ಕೂರುತ್ತಿತ್ತು. ಬಾಮೈದನಿಗೆ ಅನುಮಾನ ಬಾರದಿರಲೆಂದು ಆಗಾಗ “ಇವತ್ತು ನಿನ್ನ ಜುಟ್ಟು ಭರ್ಜರಿಯಾಗಿದೆಯಯ್ಯಾ” ಎನ್ನುತ್ತಿದ್ದ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಮೂಲೆಯಲ್ಲೊಂದು ಹೊಲಿಗೆ ಮೆಷಿನ್ ಇಲ್ಲದಿದ್ದರೆ. ಅಂಗಡಿಯಲ್ಲಿ ಕಿಟಕಿಯ ಬೆಳಕು ನೇರವಾಗಿ ಬೀಳುವ ಮೂಲೆಯಲ್ಲಿ ಆ ಒಳ್ಳೆಯ ಮೆಷಿನ್ ಕೆಲಸವಿಲ್ಲದೆ ಕೂತಿತ್ತು. ಅದು ತನಗೆ ಬೇಕೆಂದು, ಅಂಗಡಿಯಲ್ಲೇ ಅಪ್ಪನ ಕೈಕೆಳಗೆ ಕೆಲಸ ಮಾಡುತ್ತಿದ್ದ ಮಗಳು ಕೇಳುತ್ತಿದ್ದಳು. ಅವಳಿಗೆ ನಾಟಕದವರ ಉಡುಪು, ನೃತ್ಯಶಾಲೆಯ ಉಡುಪು ಹೊಲಿಯುವ ಆಸೆ. ಕಟಿಂಗಿನಲ್ಲಿ ಅಪ್ಪನಿಗಿಂತ ಅವಳ ಕೈ ಚುರುಕು, ಅದು ಅಪ್ಪನಿಗೂ ಗೊತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿದ್ದ ವೇಷಭೂಷಣದ ಕಾರ್ಖಾನೆಯವರಿಗೂ ಗೊತ್ತಾಗಿ, ಅವಳನ್ನು ಕೆಲಸಕ್ಕೆ ಕರೆದಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು. ಮೆಷಿನ್ ಸಿಕ್ಕರೆ ಇಲ್ಲಿ, ಸಿಗದಿದ್ದರೆ ಅಲ್ಲಿ. ಅವಳು ಅಷ್ಟನ್ನೇ ಹೇಳಿ ಸುಮ್ಮನಾಗಿದ್ದಳು.

ಅವಳು ಹೋದರೆ ಅಂಗಡಿಯ ಅರ್ಧ ಕೈ ಹೋದಂತೆ. ಹಾಗೆಂದು ಬಾಯಿಬಿಟ್ಟು ಹೇಳಿದರೆ ಅವನು ಇಂಚುಟೇಪು ಹೇಗಾದಾನು? ಒಂದು ಷರತ್ತು ಹಾಕಿದ್ದ. “ನೀನೇ ತಲೆ ಓಡಿಸಿ ಮಾಡಿದ್ದು ಒಂದೇ ಒಂದು ತೋರಿಸು. ನಾನು ತಪ್ಪಿಲ್ಲ ಅಂದ್ರೆ ಮೆಷಿನ್ ನಿಂದು.” ದೇವರೇ ಇಳಿದು ಬಂದರೂ ಅಂಗಿಯ ಅಂಚು ತಿರುವಿ ನೋಡುವವನ ಬಾಯಿಂದ ಬಂದ ಈ ಮಾತನ್ನು ಯಾರೂ ಔದಾರ್ಯವೆಂದು ತಿಳಿಯಲಿಲ್ಲ.

ಆ ಭಾನುವಾರ ಮಗಳು ಎಂದಿಗಿಂತ ಮೊದಲೇ ಬಂದು ಕೂತಳು. ಆಡುವವರು ಚಿತ್ರ ಬರೆದು ಕಳಿಸಿದ ವೇಷಗಳಲ್ಲಿ ಕೆಲವನ್ನು ಆಟದವರು ಆರಿಸಿಕೊಳ್ಳುತ್ತಿದ್ದರು. ಅವಳದ್ದು ಆಯ್ಕೆಯಾಗಿತ್ತು. ತೊಡಲು ಸಿಕ್ಕಿದ್ದು ಅಂದೇ. ಮೂವರೂ ಕೋಟೆಯ ಬಾಗಿಲಲ್ಲಿ ಇಳಿದರು.

“ಅಪ್ಪ, ಇದೇ. ನೋಡಿ ಹೇಳು.”

ಬಾಮೈದ ಕುರ್ಚಿಯಿಂದ ಜಿಗಿದ. “ಅಬ್ಬಬ್ಬಾ! ಏನು ಪುಟ್ಟಾ ಇದು! ಭಾವ, ನೋಡಿದ್ರಾ?”

ಇಂಚುಟೇಪುವಿನ ಫೋನಿನಲ್ಲಿ ಮಗಳ ಹೆಸರಿನ ಕೆಳಗೆ ನಿಂತಿದ್ದದ್ದು ಬೂದುಬಟ್ಟೆ, ಎರಡು ಜೇಬು. ಆಟದ ನಡುವೆ ಸ್ವಿಚ್ಚು ತೆಗೆಯಲು ಬರುವುದಿಲ್ಲ, ಹೊರಗೆ ಬರಬೇಕು. ಬಂದರೆ ಏಕೆಂದು ಕೇಳುತ್ತಾರೆ. ಮಾತು ಮುರಿದದ್ದು ಗೊತ್ತಾಗುತ್ತದೆ. ಎಂದಿನಂತೆ ತಪ್ಪು ಹೇಳೋಣವೆಂದು ಬಾಯಿ ತೆರೆದವನು ತಡೆದುಕೊಂಡ. ತಪ್ಪು ಹೇಳಿದರೆ ಎಲ್ಲಿ ಎಂದು ಕೇಳುತ್ತಾರೆ. ತಪ್ಪು ಹುಡುಕಲು ನೋಡಿರಬೇಕು, ಹೊಗಳಲು ನೋಡಬೇಕಾಗಿಲ್ಲ.

“ಚೆನ್ನಾಗಿದೆ,” ಎಂದ.

ಹೆಂಡತಿಯ ಸೂಜಿ ನಿಂತಿತು.

“ಏನಂದೆ?” ಎಂದಳು ಮಗಳು.

“ಚೆನ್ನಾಗಿದೆ ಅಂದೆ. ತಪ್ಪೇನೂ ಇಲ್ಲ.”

“ನಿಜವಾಗ್ಲೂ? ಒಂದೂ ತಪ್ಪಿಲ್ವಾ?”

“ಒಂದೂ ಇಲ್ಲ.” ಇಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಕಸುಬುದಾರನ ಜಂಬ ಸುಮ್ಮನಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮುಂದುವರಿದ. “ಮುಖ್ಯವಾಗಿ ತೋಳು. ಎರಡು ತೋಳೂ ಸಮವಾಗಿ ಕೂತಿವೆ.”

“ಎರಡು ತೋಳಾ?” ಎಂದ ಬಾಮೈದ.

“ಮತ್ತೆ? ತೋಳು ಎಷ್ಟಿರತ್ತೆ?”

ಮಗಳು ಎದ್ದು ಟೇಬಲ್ ಸುತ್ತಿ ಬಂದು ಅಪ್ಪನ ಫೋನಿಗೆ ಬಗ್ಗಿದಳು. ಬಹಳ ಹೊತ್ತು ನೋಡಬೇಕಾಗಿರಲಿಲ್ಲ.

“ಮರೆಮಾಡಿದ್ದೀಯಾ,” ಎಂದಳು. “ಅಪ್ಪ, ಅದು ಆಕ್ಟೋಪಸ್. ಎಂಟು ತೋಳು.”

ಬಾಮೈದ ಈಗ ಬೇರೆಯೇ ಲೆಕ್ಕಾಚಾರಕ್ಕೆ ಬಿದ್ದಿದ್ದ. “ತಾಳಿ ತಾಳಿ ಭಾವ. ನಾನು ಹುಂಜ ಬಿಟ್ಟು ಆಮೆ ಆಗಿ ಎಷ್ಟೋ ವಾರ ಆಯ್ತು! ಹೋದ ಭಾನುವಾರವೂ ಜುಟ್ಟು ಭರ್ಜರಿ ಅಂದ್ರಿ. ನನ್ನ ಬೋಳುತಲೆ ಆಡ್ಕೊಳ್ತಿದ್ದೀರಿ ಅಂದ್ಕೊಂಡು ಮನೆಗೆ ಹೋಗಿ ಊಟ ಬಿಟ್ಟಿದ್ದೀನಿ!”

ಮಗಳು ನಗಲಿಲ್ಲ. ತನ್ನ ಫೋನನ್ನು ಟೇಬಲ್ಲಿನ ಮೇಲೆ ಕವುಚಿಟ್ಟಳು. “ನಾಳೆ ಕಾರ್ಖಾನೆಗೆ ಬರ್ತೀನಿ ಅಂತ ಹೇಳಿಬಿಡ್ತೀನಮ್ಮ,” ಎಂದಳು. ಅಪ್ಪನಿಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದಳು.

“ಕೂತ್ಕೋ,” ಎಂದಳು ಅಮ್ಮ. ಗಂಡನ ಕಡೆ ತಿರುಗಿದಳು. ‘ರೀ’ ಇರಲಿಲ್ಲ. “ಅದೇನು ಒತ್ತಿದ್ದೀರೋ ಅದನ್ನ ತೆಗೀರಿ. ಈಗಲೇ. ಎಲ್ಲರೆದುರಿಗೇ.”

ತೆಗೆದ. ಮತ್ತೊಮ್ಮೆ ಮೂವರೂ ಕೋಟೆಯ ಬಾಗಿಲಿಗೆ ಇಳಿದರು. ಈ ಸಲ ಅವನ ಎದುರಿಗೆ ನೇರಳೆ ಬಣ್ಣದ ಒಂದು ಆಕ್ಟೋಪಸ್ ನಿಂತು ತೋಳು ಬೀಸುತ್ತಿತ್ತು. ಇಂಚುಟೇಪು ಫೋನನ್ನು ಮೂಗಿನ ಹತ್ತಿರ ತಂದ. ಪ್ರತಿ ತೋಳಿನ ತುದಿಗೂ ಮಣಿಕಟ್ಟಿನ ಪಟ್ಟಿ, ಕಫ್, ಜೋಡಿ ಜೋಡಿಗೆ ಬೇರೆ ಬೇರೆ. ಒಂದು ಶಾಲೆಯ ಅಂಗಿಯದು. ಒಂದು ದಾದಿಯದು, ನೀಲಿ ಅಂಚು. ಒಂದು ಕಾವಲುಗಾರನದು, ಮಡಚುಪಟ್ಟಿ ಸಹಿತ. ಒಂದು ಬಸ್ಸಿನವರ ಖಾಕಿ. ಎಲ್ಲವೂ ಅವನ ಟೇಬಲ್ಲಿನ ಮೇಲೆ ಹುಟ್ಟಿದವು, ಒಂದಕ್ಕೊಂದು ಮಾತಾಡದವು. ಈಗ ಒಂದೇ ಪ್ರಾಣಿಯ ಮೈಯಲ್ಲಿ ಕುಣಿಯುತ್ತಿದ್ದವು.

ಅವನು ತೋಳಿನಿಂದ ತೋಳಿಗೆ ಕಣ್ಣು ಹಾಯಿಸುತ್ತ ಹೋದ. ಹಿಂದಿನಿಂದ ಒಂದು ಐಸ್‌ಕ್ರೀಮು ಬಂತು.

“ಭಾವ, ಹಿಂದೆ! ಹಿಂದೆ!”

“ತಡಿಯಯ್ಯಾ.”

ಐಸ್‌ಕ್ರೀಮು ಅವನನ್ನು ಹೊಡೆದುರುಳಿಸಿತು. ನೆಲದಲ್ಲಿ ಬಿದ್ದುಕೊಂಡೇ ಅವನು ಗೆದ್ದವನಂತೆ ಕೂಗಿದ. “ಸಿಕ್ತು! ದಾದಿ ಕಫ್‌ಗೆ ಗುಂಡಿ ತಿರುಗು ಮುರುಗು ಆಗಿದೆ! ನಮ್ಮ ಆಸ್ಪತ್ರೆ ಕೋಟಿಗೆ ಗುಂಡಿ ಆ ಕಡೆ ಬರಲ್ಲ!”

ಮಗಳು ಫೋನು ಎತ್ತಿ ನೋಡಿದಳು. ತುಟಿ ಕಚ್ಚಿದಳು. ಅಪ್ಪ ಹೇಳಿದ್ದು ಸರಿಯಿತ್ತು. “ತಪ್ಪು ಸಿಕ್ತಲ್ಲ,” ಎಂದಳು. “ಮುಗೀತು ಹಾಗಾದ್ರೆ.”

“ಮುಗಿದಿದ್ದು ಆಗಲೇ,” ಎಂದಳು ಅಮ್ಮ, ದಾರವನ್ನು ಹಲ್ಲಿನಲ್ಲಿ ಕಡಿದು. “ಒಂದೂ ತಪ್ಪಿಲ್ಲ ಅಂತ ಇವರು ಹೇಳಿದ್ದನ್ನ ನಾನು ಕೇಳಿದ್ದೀನಿ, ನನ್ನ ತಮ್ಮ ಕೇಳಿದ್ದಾನೆ. ಮೆಷಿನ್ ನಿಂದು.”

“ಅದು ನೋಡದೆ ಹೇಳಿದ್ದು ಕಣೇ! ಲೆಕ್ಕಕ್ಕೆ ಹೇಗೆ ಬರತ್ತೆ?”

“ತಪ್ಪಿಲ್ಲ ಅಂದ್ರೆ ಮೆಷಿನ್ ಕೊಡ್ತೀನಿ ಅಂದ್ರಿ. ಅಂದಿದ್ದಾಯ್ತು. ನೋಡು ಅಂತ ಅವಳು ಹೇಳಿದ್ಲು, ನೋಡದೆ ಇದ್ದಿದ್ದು ಯಾರು? ಗಿರಾಕಿ ಮೈ ಅಳೆಯದೆ ಬಟ್ಟೆ ಕತ್ತರಿಸಿ, ಆಮೇಲೆ ಬಟ್ಟೆ ವಾಪಸು ಅಂಟಿಸಿ ಅನ್ನೋಕಾಗತ್ತಾ?”

“ಅಂದಿದ್ದು ನಿಜ,” ಎಂದ ಬಾಮೈದ, ಯಾರೂ ಕೇಳದಿದ್ದರೂ. “ತೋಳು ಸಮವಾಗಿ ಕೂತಿವೆ ಅಂತಲೂ ಅಂದ್ರು.”

ಇಂಚುಟೇಪು ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲೂ ಆಸರೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಅವನು ಬಹಳವಾಗಿ ಹುಡುಕಲೂ ಇಲ್ಲ. “ಬಟ್ಟೇಲಿ ಹೊಲಿಯೋವಾಗ ಆ ಗುಂಡಿ ಸರಿಮಾಡ್ಕೋ,” ಎಂದು ಮಗಳ ಕಡೆ ನೋಡದೆ ಹೇಳಿ, ಮೂಲೆಯ ಮೆಷಿನ್ನಿನ ಮೇಲೆ ಪೇರಿಸಿದ್ದ ಖಾಕಿ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ. ಮಗಳು ಸಹಾಯಕ್ಕೆ ಬಂದಾಗ “ಬೆಲ್ಟು ಸಡಿಲ ಇದೆ, ಎಣ್ಣೆ ಕಂಡು ಎಷ್ಟು ಕಾಲವಾಯ್ತೋ” ಎಂದು ಮೆಷಿನ್ನಿಗೂ ತಪ್ಪು ಹುಡುಕಿದ. ಸೋಮವಾರ ಅವಳು ಕಾರ್ಖಾನೆಯವರಿಗೆ ಬರುವುದಿಲ್ಲವೆಂದು ತಿಳಿಸಿದಳು.

ಸ್ವಿಚ್ಚಿನ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಇನ್ನು ಮುಂದೆ ಕದ್ದುಮುಚ್ಚಿ ಒತ್ತುವುದಿಲ್ಲ, ಎಲ್ಲರ ವೇಷವನ್ನೂ ನೋಡಿಯೇ ಆಡುತ್ತೇನೆ ಎಂದು ಇಂಚುಟೇಪು ಹೊಸದಾಗಿ ಮಾತು ಕೊಟ್ಟ. ಈ ಸಲ ಉಳಿಸಿಕೊಂಡ. ಮುಂದಿನ ಭಾನುವಾರ ಕೋಟೆಯ ಬಾಗಿಲಲ್ಲಿ ಬಾಮೈದನ ಆಮೆಯ ಸುತ್ತ ಒಂದು ಸುತ್ತು ಬಂದು, ಚಿಪ್ಪು ಬೆನ್ನಿಗೆ ಕೂತಿಲ್ಲ, ಕುತ್ತಿಗೆ ಬಳಿ ಬಿಗಿ, ಹಿಂದೆ ಜೋಲು, ಕೂತರೆ ಹೊಲಿಗೆ ಬಿಡುತ್ತದೆ, ಇದನ್ನು ಮಾರಿದವನನ್ನು ಜೈಲಿಗೆ ಹಾಕಬೇಕು ಎಂದ. ಆಟ ಶುರುವಾದ ಮೇಲೂ ನಿಲ್ಲಿಸಲಿಲ್ಲ. ಎದುರಾಳಿ ದೀಪ ಹೊತ್ತು ಓಡುತ್ತಿದ್ದಾಗ ಅವನು ಆಮೆಯ ಬಾಲದ ಬುಡದಲ್ಲಿದ್ದ.

“ಭಾವ,” ಎಂದ ಬಾಮೈದ ಕೊನೆಗೆ, ಫೋನು ಕೆಳಗಿಟ್ಟು ಕೈಮುಗಿದು. “ನಿಮ್ಮ ದಮ್ಮಯ್ಯ. ಆ ಸ್ವಿಚ್ಚು ಒತ್ತಿಬಿಡಿ.”