ನಾನು ತೆಗೆಯದ ಫೋಟೋ

ದೆವ್ವ, ಶಕುನ, ನಿಜವಾದ ಕನಸು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಅದು ಅಹಂಕಾರವಲ್ಲ, ಕಸುಬಿನಿಂದ ಬಂದ ಸ್ವಭಾವ. ರಾಯಚೂರು ಜಿಲ್ಲೆಯ ಚಳವಳಿಗಳ ಫೋಟೋ ತೆಗೆಯುತ್ತಲೇ ನನ್ನ ಕೂದಲು ಹಣ್ಣಾಗಿದೆ. ಕಾಲುವೆಯ ಕೊನೆ ಭಾಗಕ್ಕೆ ನೀರು ಬಿಡಿ ಎಂದು ಕೂತವರು, ಕೂಲಿ ಹೆಚ್ಚಿಸಿ ಎಂದು ರಸ್ತೆ ತಡೆದವರು, ಸಾರಾಯಿ ಅಂಗಡಿಗೆ ಬೀಗ ಜಡಿದ ಹೆಂಗಸರು, ಎಲ್ಲರೂ ನನ್ನ ರೀಲುಗಳಲ್ಲಿದ್ದಾರೆ. ಕ್ಯಾಮೆರಾದ ಮುಂದೆ ಇದ್ದದ್ದು ಫಿಲ್ಮಿನ ಮೇಲೆ ಬೀಳುತ್ತದೆ, ಇಲ್ಲದ್ದು ಬೀಳುವುದಿಲ್ಲ. ನನ್ನ ನಂಬಿಕೆ ಇಷ್ಟೇ ಇತ್ತು. ಈಗಲೂ ಅದನ್ನು ಬಿಟ್ಟಿಲ್ಲ. ಆದರೆ ನನ್ನ ಹತ್ತಿರ ಒಂದು ಫೋಟೋ ಇದೆ. ಅದರ ಸಂಗತಿಯನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಆಗಷ್ಟೇ ರೀಲು ಬಿಟ್ಟು ಡಿಜಿಟಲ್ ಕ್ಯಾಮೆರಾಕ್ಕೆ ಹೊರಳಿದ್ದ ಕಾಲ. ಮಾನ್ವಿಯಲ್ಲಿ ಕೂಲಿ ಮಾಡುವ ಕುಟುಂಬಗಳು ಧರಣಿ ಕೂತಿದ್ದವು. ಅವರ ಊರು ಹಿರೇಕೊಟ್ನೆಕಲ್ ದಾಟಿ ಒಳಗೆ ಹೋದರೆ ಸಿಗುತ್ತದೆ, ಹೆಸರು ಬೇಡ. ಅಜ್ಜ ಮುತ್ತಜ್ಜರ ಕಾಲದಿಂದ ಅವರು ಹೆಣ ಹೂಳುತ್ತಿದ್ದ ಜಾಗಕ್ಕೆ ಹೊರಗಿನವನೊಬ್ಬ ತಂತಿ ಬೇಲಿ ಹಾಕಿಸಿದ್ದ. ಗೋರಿಯ ಕಲ್ಲುಗಳನ್ನೆಲ್ಲ ಕಿತ್ತು ಟ್ರ್ಯಾಕ್ಟರ್ ಹೊಡೆಸಿ, ಇಲ್ಲಿ ಯಾರನ್ನೂ ಎಂದೂ ಹೂತಿಲ್ಲ ಎಂದು ವಾದಿಸುತ್ತಿದ್ದ. ಇವರ ಹತ್ತಿರ ಒಂದು ಕಾಗದವೂ ಇರಲಿಲ್ಲ.

ಕೂಲಿಕಾರರ ಸಂಘಟನೆಯಲ್ಲಿದ್ದ ಗೆಳೆಯ ಬಸಣ್ಣನ ಬೈಕಿನ ಹಿಂದೆ ಕೂತು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದೆ. ಶಾಮಿಯಾನದ ಕೆಳಗೆ ಕೂತಿದ್ದವರಲ್ಲಿ ಒಬ್ಬ ಹೆಂಗಸು ನನ್ನನ್ನು ಕಂಡದ್ದೇ ಎದ್ದು ಬಂದಳು. ಹುಲಿಗೆಮ್ಮ ಅಂತ ಹೆಸರು, ನಲವತ್ತರ ಆಸುಪಾಸು.

"ಬಂದ್ರೇನ್ರೀ ಅಣ್ಣಾ? ನಿಮ್ಮನ್ನs ಹುಡುಕಾಕತ್ತಿದ್ವಿ ನೋಡ್ರಿ. ನಮ್ಮವ್ವನ್ನ ಮಣ್ಣು ಮಾಡೂಮುಂದ ಬಂದು ಫೋಟೋ ಹೊಡೆದಿದ್ರಲ್ಲ, ಅದನ್ನ ಕೊಡ್ರಿ. ಅದೊಂದು ಇದ್ರ ನಮ್ಮ ಜಾಗ ಉಳೀತದ."

ನಾನು ಅವಳನ್ನು ಅದಕ್ಕಿಂತ ಮೊದಲು ನೋಡಿಯೇ ಇರಲಿಲ್ಲ. ಆ ಊರಿಗೆ ಕಾಲಿಟ್ಟವನೂ ಅಲ್ಲ. "ಬ್ಯಾರೆ ಯಾರನ್ನೋ ನೋಡಿ ನಾನು ಅನ್ಕೊಂಡೀಯವ್ವಾ" ಅಂದೆ.

"ಅವ್ವ ಸತ್ತ ದಿನ ಬಂದಾವ್ರನ್ನ ಮರೀತಾರೇನ್ರೀ? ಗುಂಡಿ ಕಡೆ ಮುಖಾ ಮಾಡಿ ನಿಂತಿದ್ರಿ. ಒಂದು ಮಾತು ಆಡ್ಲಿಲ್ಲ. ಫೋಟೋ ಹೊಡ್ಕೊಂಡು ಹಳ್ಳದ ಕಡೆ ಇಳಿದು ಹ್ವಾದ್ರಿ" ಅಂದಳು. ಅವಳ ಪಕ್ಕದಲ್ಲಿದ್ದ ಇಬ್ಬರು ಮುದುಕಿಯರೂ ಹೌದು ಹೌದು ಎಂದು ತಲೆ ಆಡಿಸಿದರು.

ಅದು ಯಾವತ್ತಿನ ಮಾತು ಎಂದು ಬಸಣ್ಣ ಕೇಳಿದ.

"ದೇವದುರ್ಗದಾಗ ಸಾರಾಯಿ ಬಂದ್ ಮಾಡ್ರಿ ಅಂತ ಹೆಣ್ಮಕ್ಕಳು ದೊಡ್ಡ ಮೆರವಣಿಗಿ ಮಾಡಿದ್ರಲ್ರೀ, ಅವತ್ತ. ನಮ್ಮೂರ ಹೆಣ್ಮಕ್ಕಳ್ನ ನಮ್ಮವ್ವನs ಕರ್ಕೊಂಡು ಹೋಗಾಕಿ ಇದ್ಲು. ಹಿಂದಿನ ದಿನಾನs ಸೀರಿ ತೆಗೆದು ಇಟ್ಟಿದ್ಲು. ಬೆಳಗ್ಗೆ ಏಳಲೇ ಇಲ್ಲ."

ಬಸಣ್ಣ ನನ್ನ ಮುಖ ನೋಡಿದ. ಹದಿನೈದು ವರ್ಷ ಕಳೆದಿದ್ದರೂ ಆ ಮೆರವಣಿಗೆ ನಮ್ಮಿಬ್ಬರಿಗೂ ಚೆನ್ನಾಗಿ ನೆನಪಿತ್ತು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ನಾವು ದೇವದುರ್ಗದಲ್ಲೇ ಇದ್ದೆವು. ಹುಲಿಗೆಮ್ಮ ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಅನ್ನಿಸಲಿಲ್ಲ. ದುಃಖದಲ್ಲಿ ಒಂದು ದಿನ ಇನ್ನೊಂದು ದಿನದ ಜೊತೆ ಕಲಸಿಹೋಗಿರಬೇಕು ಅಂದುಕೊಂಡೆ. ಆದರೂ ನ್ಯಾಯದ ಮಾತು, ಹುಡುಕದೆ ಇಲ್ಲ ಅನ್ನಬಾರದು. ನೋಡಿ ಹೇಳುತ್ತೇನೆ ಎಂದು ರಾಯಚೂರಿಗೆ ವಾಪಸ್ಸಾದೆ.

ನನ್ನ ನೆಗೆಟಿವ್‌ಗಳೆಲ್ಲ ದಿನ, ಊರು ಬರೆದ ಕವರುಗಳಲ್ಲಿ ಇವೆ. ಮರುದಿನ ಬೆಳಗ್ಗೆ ದೇವದುರ್ಗದ ಕವರು ತೆಗೆದು, ಪಟ್ಟಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆ. ಮೆರವಣಿಗೆ, ಪೊಲೀಸರು, ಬಸ್‌ಸ್ಟ್ಯಾಂಡ್ ಮುಂದೆ ಕೂತ ಹೆಂಗಸರು, ಭಾಷಣ. ಭಾಷಣದ ಒಂದು ಪಟ್ಟಿಯ ನಡುವೆ ನನ್ನ ಕಣ್ಣು ನಿಂತಿತು.

ಅಗೆದ ಗುಂಡಿ. ಅದರ ಸುತ್ತ ಹೆಂಗಸರು. ಹಿಂದೆ ಹಳೆಯ ಗೋರಿಯ ಕಲ್ಲುಗಳು, ಅವುಗಳ ಆಚೆ ದೊಡ್ಡ ಬಂಡೆಗಳ ಗುಡ್ಡ. ಗುಂಡಿಯ ಅಂಚಿನಲ್ಲಿ ಒಬ್ಬ ಯುವತಿ ಎದೆಗೆ ಮಡಿಸಿದ ಸೀರೆ ಅವಚಿಕೊಂಡು ನಿಂತಿದ್ದಾಳೆ. ಭೂತಗನ್ನಡಿ ಇಟ್ಟು ನೋಡಿದೆ. ಹುಲಿಗೆಮ್ಮ.

ಫಿಲ್ಮಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ರೀಲು ಎಂದರೆ ಒಂದೇ ಒಂದು ಉದ್ದನೆಯ ಪಟ್ಟಿ, ತೊಳೆದ ಮೇಲೆ ಐದಾರು ಚಿತ್ರಕ್ಕೊಂದರಂತೆ ಕತ್ತರಿಸಿ ಇಡುತ್ತೇವೆ. ಒಂದಾದ ಮೇಲೆ ಒಂದರಂತೆ ಚಿತ್ರ ಬೀಳುತ್ತದೆ, ಅಂಚಿನಲ್ಲಿ ಅಂಕಿ ಇರುತ್ತದೆ. ಒಂದು ತುಂಡಿನ ನಡುವೆ ಬೇರೆ ಚಿತ್ರ ತಂದು ಸೇರಿಸಲು ಬರುವುದಿಲ್ಲ. ಈ ಚಿತ್ರದ ಹಿಂದಿನದರಲ್ಲಿ ದೇವದುರ್ಗದ ವೇದಿಕೆಯ ಮೇಲೆ ಒಬ್ಬ ಹೆಂಗಸು ಕೈ ಎತ್ತಿ ಮಾತಾಡುತ್ತಿದ್ದಾಳೆ. ಮುಂದಿನದರಲ್ಲಿ ಅದೇ ಹೆಂಗಸಿನ ಕೈ ಕೆಳಗಿಳಿದಿದೆ. ನಡುವೆ, ತಾಲೂಕು ದಾಟಿ, ಈ ಗುಂಡಿ.

ಬಸಣ್ಣನನ್ನು ಕರೆಸಿ ತೋರಿಸಿದೆ. ಅವನು ಭೂತಗನ್ನಡಿ ಇಟ್ಟು ಅಂಚಿನ ಅಂಕಿಗಳನ್ನು ಎರಡೆರಡು ಸಲ ಎಣಿಸಿದ. "ನೀ ಎಲ್ಲಿಗೂ ಹೋಗಿಲ್ಲಲೇ. ದಿನಾ ಪೂರ್ತಿ ನನ್ ಬಾಜೂಕs ಇದ್ದಿ. ಕ್ಯಾಮೆರಾ ನಿನ್ ಕೊಳ್ಳಾಗs ಇತ್ತು" ಅಂದ. ನನಗೂ ಗೊತ್ತಿದ್ದದ್ದು ಅದೇ. ರೀಲು ಹಾಕಿದವನು ನಾನು, ತೆಗೆದವನು ನಾನು, ನಮ್ಮ ಮನೆಯ ಕತ್ತಲೆ ಕೋಣೆಯಲ್ಲಿ ತೊಳೆದವನೂ ನಾನೇ. ಆವತ್ತು ತೊಳೆದಾಗ ಇದು ಕಣ್ಣಿಗೆ ಬಿದ್ದಿರಲಿಲ್ಲವೇ ಎಂದು ನೀವು ಕೇಳಬಹುದು. ಪತ್ರಿಕೆಗೆ ಬೇಕಾದ ಎರಡನ್ನು ಪ್ರಿಂಟ್ ಮಾಡಿ ಕವರು ಮುಚ್ಚಿದ್ದೆ. ಉಳಿದವನ್ನು ಒಂದೊಂದಾಗಿ ನೋಡಿದ ನೆನಪಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು. ಆ ಚಿತ್ರದ ಕೆಳಭಾಗದಲ್ಲಿ, ಹಸಿ ಮಣ್ಣಿನ ಮೇಲೆ, ಫೋಟೋ ತೆಗೆಯುವವನ ನೆರಳು ಬಿದ್ದಿದೆ. ನನ್ನ ಯಾವ ಫೋಟೋದಲ್ಲೂ ನನ್ನ ನೆರಳು ಬೀಳಲು ನಾನು ಬಿಟ್ಟವನಲ್ಲ. ಆ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಆದರೆ ಆ ನೆರಳಿನ ಎಡ ಮೊಣಕೈ ಪಕ್ಕೆಗೆ ಒತ್ತಿದೆ, ತಲೆ ತುಸು ಬಲಕ್ಕೆ ವಾಲಿದೆ. ನಾನು ಕ್ಯಾಮೆರಾ ಹಿಡಿಯುವುದು ಹಾಗೆಯೇ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮಾನ್ವಿಗೆ ಒಯ್ದೆ. ಜಾಗದ ತಕರಾರಿನ ವಿಚಾರಣೆ ಮಾಡುತ್ತಿದ್ದ ತಾಲೂಕಿನ ಅಧಿಕಾರಿ ಎಲ್ಲರನ್ನೂ ಆ ಜಾಗಕ್ಕೇ ಕರೆದುಕೊಂಡು ಹೋದರು. ಬೇಲಿ ಹಾಕಿಸಿದವನು, ಫೋಟೋ ಯಾವ ಊರಿಂದ ಬೇಕಾದರೂ ತರಬಹುದು ಎಂದ. "ಇದು ನೀವೇ ತೆಗೆದದ್ದಾ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ಹುಲಿಗೆಮ್ಮ, ಅವಳ ಹಿಂದೆ ಇಡೀ ಓಣಿ ನನ್ನ ಬಾಯಿ ನೋಡುತ್ತಿತ್ತು. ಹೌದು ಅಂದರೆ ಅದು ನನಗೆ ಗೊತ್ತಿಲ್ಲದ ಮಾತು. ಅಲ್ಲ ಅಂದರೆ ಅವರ ಸತ್ತವರಿಗೆ ಜಾಗವಿಲ್ಲ.

"ರೀಲು ನಂದು, ಕ್ಯಾಮೆರಾ ನಂದು, ತೊಳೆದವನೂ ನಾನೇ. ನೆಗೆಟಿವ್ ಇಲ್ಲೇ ಅದ, ನೋಡ್ರಿ. ಅದ್ರಾಗ ಯಾರೂ ಕೈ ಹಾಕಿಲ್ಲ" ಅಂದೆ. ಅಷ್ಟನ್ನು ನಾನು ಎಲ್ಲಿ ಬೇಕಾದರೂ ಧೈರ್ಯವಾಗಿ ಹೇಳಬಲ್ಲೆ.

ಅಧಿಕಾರಿ ಫೋಟೋವನ್ನು ಗುಡ್ಡದ ಎದುರಿಗೆ ಹಿಡಿದು ಹಿಂದೆ ಮುಂದೆ ಸರಿದರು. ಬಂಡೆಗಳು ಒಂದಕ್ಕೊಂದು ಹೊಂದಿದವು. ಆಮೇಲೆ ಆ ಗುಂಡಿ ಇದ್ದ ಕಡೆ ಅಗೆಸಿದಾಗ ಮೂಳೆಗಳು ಸಿಕ್ಕವು. ಕೆಲವು ತಿಂಗಳಲ್ಲಿ ಬೇಲಿ ಹೋಯಿತು, ಜಾಗ ಅವರ ಹೆಸರಿಗೆ ಗುರುತಾಯಿತು. ಹುಲಿಗೆಮ್ಮನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣಲಿಲ್ಲ. "ನಾ ಮೊದಲs ಹೇಳಿದ್ನಲ್ರೀ ಅಣ್ಣಾ, ನೀವs ಬಂದಿದ್ರಿ ಅಂತ" ಅಂದಳು, ಅಷ್ಟೇ.

ನಾನು ಎಲ್ಲ ದಾರಿಗಳನ್ನೂ ಯೋಚಿಸಿ ನೋಡಿದ್ದೇನೆ. ಕಸುಬು ಬಲ್ಲ ಗೆಳೆಯರಿಗೆ ನೆಗೆಟಿವ್ ತೋರಿಸಿದ್ದೇನೆ. ಕೆಲವರು ನನ್ನ ನೆನಪನ್ನು ಅನುಮಾನಿಸಿದರು, ಆದರೆ ಆ ದಿನದ ಬಗ್ಗೆ ಬಸಣ್ಣನ ನೆನಪೂ ನನ್ನದರಂತೆಯೇ ಇದೆ.

ಈಗ ನನ್ನ ಫೋಟೋಗಳ ಪ್ರದರ್ಶನ ಎಲ್ಲಿ ನಡೆದರೂ ಆ ಗುಂಡಿಯ ಫೋಟೋವನ್ನೂ ತೂಗುಹಾಕುತ್ತೇನೆ. ಉಳಿದವುಗಳ ಕೆಳಗೆ ನನ್ನ ಹೆಸರಿರುತ್ತದೆ, ಅದರ ಕೆಳಗೆ ಇಲ್ಲ. ಜನ ಹೆಚ್ಚು ಹೊತ್ತು ನಿಲ್ಲುವುದು ಅದರ ಮುಂದೆಯೇ. ಯಾರು ತೆಗೆದದ್ದು ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಅವರು ನಗುತ್ತಾ ನನ್ನ ಬೆನ್ನು ತಟ್ಟಿ ಮುಂದೆ ಹೋಗುತ್ತಾರೆ.