ಹೆಗಲ ಮೇಲಿನ ಕಂಬಳಿ

ಬೆಂಗಳೂರಿನಿಂದ ಹೊರಟ ನಸುಕಿನ ರೈಲು ಚನ್ನಪಟ್ಟಣದಲ್ಲಿ ನಿಲ್ಲುತ್ತದೆ. ಇಮಾಮ್ ಸಾಬ್ ಇಳಿದವರೇ ಮೊದಲು ಎದೆಗೆ ಅಡ್ಡಲಾಗಿ ಹಾಕಿದ ಡವಾಲಿಯನ್ನು ಹಿತ್ತಾಳೆ ಬಿಲ್ಲೆಯ ಸಮೇತ ಬಿಚ್ಚಿ, ಬುತ್ತಿ ಚೀಲದ ತಳಕ್ಕೆ ತುರುಕುತ್ತಾರೆ. ಬೇರೆ ಜವಾನರು ಊರಿಗೆ ಬರುವಾಗ ಬಿಲ್ಲೆಗೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ, ಈ ಮಹಾಶಯರು ಬಚ್ಚಿಡುತ್ತಾರೆ. ಹೆಗಲ ಮೇಲೊಂದು ಕರಿ ಕಂಬಳಿ ಇದೆ. ಮಾರ್ಗಶಿರದ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಅದನ್ನು ಬಿಚ್ಚಿ ಹೊದೆಯುವುದಿಲ್ಲ. ಅದು ಅವರದಲ್ಲ.

ಕಂಬಳಿ ಹೊಂಗನೂರಿನ ಕೆಂಗಲಯ್ಯನದು. ಇಮಾಮ್ ಸಾಬ್ ಜವಾನರಾಗಿರುವ ಕಾಲೇಜು ಹಾಸ್ಟೆಲಿನಲ್ಲಿ ಇದ್ದುಕೊಂಡು ಇಂಟರ್‌ಮೀಡಿಯೇಟ್ ಓದುತ್ತಿರುವ ಹುಡುಗ. ಮೊನ್ನೆ ತನ್ನ ಕಂಬಳಿಯನ್ನು ಒಬ್ಬನಿಗೆ, ಬೂಟ್ಸನ್ನು ಇನ್ನೊಬ್ಬನಿಗೆ ಕೊಟ್ಟು, ಬರಿಗಾಲಲ್ಲಿ ಗೇಟು ದಾಟಿದವನು ತಿರುಗಿ ಬರಲಿಲ್ಲ. ಕೊಠಡಿಯ ಗೆಳೆಯರು ಅವನ ಧಾರಾಳತನವನ್ನು ಹೊಗಳುತ್ತಾ ಕೂತಿದ್ದರು. ಅದನ್ನು ಕೇಳಿದ ಇಮಾಮ್ ಸಾಬ್ ಆ ಕಂಬಳಿಯನ್ನು ಪಡೆದವನಿಂದ ಇಸಿದುಕೊಂಡು ಮೊದಲ ರೈಲು ಹತ್ತಿದರು.

"ಇಂಥಾ ಚಳೀಲಿ ಯಾರು ಸ್ವಾಮಿ ಕಂಬ್ಳಿ ಕೊಟ್ಬುಡ್ತಾರೆ?" ಎನ್ನುತ್ತಾರೆ ಹೆಜ್ಜೆ ಚುರುಕು ಮಾಡುತ್ತಾ. "ನಾಳಿಕ್ಕೆ ನಂಗೆ ಬೇಕಾಗಲ್ಲ ಅಂದ್ಕೊಂಡೋನು ಕೊಡ್ತಾನೆ."

ಇಮಾಮ್ ಸಾಬರು ಚನ್ನಪಟ್ಟಣದ ರೇಷ್ಮೆ ನೂಲು ತೆಗೆಯುವವರ ಮನೆಯವರು. ಹಾಸ್ಟೆಲಿನಲ್ಲಿ ಅವರ ಸಂಬಳದ ಕೆಲಸವೆಂದರೆ ಗಂಟೆ ಹೊಡೆಯುವುದು, ದೀಪ ಹಚ್ಚುವುದು, ವಾರ್ಡನ್ ಸಾಹೇಬರ ಚೀಟಿ ಒಯ್ಯುವುದು. ಸಂಬಳವಿಲ್ಲದ ಕೆಲಸ ಇದು. ವಿಶ್ವವಿದ್ಯಾನಿಲಯ ಹುಟ್ಟಿ ಇನ್ನೂ ಹದಿನೈದು ವರ್ಷ ತುಂಬಿಲ್ಲ. ಅದರ ಮೆಟ್ಟಿಲು ಹತ್ತಿದ ಹಳ್ಳಿ ಹುಡುಗರಲ್ಲಿ ಕೆಲವರು ಒಳಗೊಳಗೇ ಕುಸಿಯುತ್ತಾರೆ. ಕ್ಲೋಸ್‌ಪೇಟೆ, ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ, ಈ ನಾಲ್ಕೂ ಕಡೆಯ ಹುಡುಗ ಯಾರಾದರೂ ಊಟ ಬಿಟ್ಟರೆ, ಮಾತು ಬಿಟ್ಟರೆ, ಅಡುಗೆಯವರಿಂದ ಹಿಡಿದು ವಾರ್ಡನ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇಮಾಮ್ ಸಾಬ್‌ಗೆ ಹೇಳಿ. ಆಮೇಲೆ ಆ ಹುಡುಗನ ಡಾಕ್ಟರು, ಮೇಷ್ಟ್ರು, ಮನೆ, ಎಲ್ಲ ಓಡಾಟವೂ ಇವರ ತಲೆಗೇ.

"ಡಾಕ್ಟ್ರು ಒಂದು ಕೇಳ್ತಾರೆ, ಸಾಹೇಬ್ರು ಒಂದು ಕೇಳ್ತಾರೆ, ಅಪ್ಪ ಇನ್ನೊಂದು ಕೇಳ್ತಾನೆ. ನೊಂದಿರೋ ಹುಡುಗ ಎಷ್ಟು ಜನದ ಮುಂದೆ ಮೊದ್ಲಿಂದ ಹೇಳ್ಕೊಂಡು ಅಳ್ಬೇಕು? ನಂಗೆ ಒಂದ್ಸಲ ಹೇಳ್ಬುಟ್ರೆ ಸಾಕು. ಮಿಕ್ಕಿದ್ದು ನಾನು ಹೇಳ್ಕೊಂಡು ತಿರುಗ್ತೀನಿ."

ಡವಾಲಿ ಬಚ್ಚಿಡುವ ಅಭ್ಯಾಸ ಗುಡೇಮಾರನಹಳ್ಳಿಯಿಂದ ಬಂದದ್ದು. ಮೊದಮೊದಲು ಅಲ್ಲಿಯ ಹುಡುಗನೊಬ್ಬನನ್ನು ನೋಡಲು ಬಿಲ್ಲೆ ಹೊಳೆಸುತ್ತಾ ಹೋಗಿದ್ದರು. ಮನೆಯವರು ಜಪ್ತಿಗೆ ಬಂದ ಕೋರ್ಟು ಅಮೀನನೆಂದೇ ತಿಳಿದು ತಾಮ್ರದ ಹಂಡೆಗಳನ್ನು ಹುಲ್ಲಿನ ಮೆದೆಗೆ ತುರುಕಿದರು. ಆ ಗದ್ದಲದಲ್ಲಿ ಹುಡುಗ ತನ್ನನ್ನೇ ಹಿಡಿಯಲು ಬಂದರೆಂದು ಹಿತ್ತಲಿನಿಂದ ಓಡಿದ. ಹಂಡೆಗಳು ಸಂಜೆಯೊಳಗೆ ಈಚೆ ಬಂದವು. ಹುಡುಗ ಸಿಗಲು ಮಾರನೆಯ ದಿನವಾಯಿತು. ಅಂದಿನಿಂದ ಯಾವ ಊರಿಗೂ ಬಿಲ್ಲೆ ತೋರಿಸಿಲ್ಲ.

ಹೊಂಗನೂರಿನಲ್ಲಿ ಬಿಸಿಲೇರಿದೆ. ಕೆಂಗಲಯ್ಯನ ತಂದೆ ಮುನಿರಾಮಯ್ಯ ಅಂಗಳದಲ್ಲೇ ತಡೆಯುತ್ತಾರೆ.

"ಮಗ ಬೆಂಗ್ಳೂರಲ್ಲವ್ನೆ. ಇಲ್ಲಿಗ್ಯಾಕೆ ಬತ್ತಾನೆ? ನಮ್ಮನೇಲಿ ಹುಳ ಅವೆ, ಒಳಕ್ಕೆ ಯಾರ್ನೂ ಬುಡಾಕಿಲ್ಲ."

ರೇಷ್ಮೆ ಹುಳುಗಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುವ ದಿನಗಳವು. ಹೊರಗಿನವರ ಕಾಲ್ಧೂಳು ಸೋಕಿದರೂ ಬೆಳೆ ಕೆಡುತ್ತದೆಂದು ಹುಳುಮನೆಯ ಹೊಸಿಲನ್ನು ನೆಂಟರೂ ದಾಟುವಂತಿಲ್ಲ. ಆ ಮಾತಿಗೆ ಎದುರಾಡುವವರು ಈ ಸೀಮೆಯಲ್ಲಿಲ್ಲ. ಆದರೆ ತಾಯಿ ದೊಡ್ಡಲಕ್ಷ್ಮಮ್ಮ ಸೊಪ್ಪಿನ ಕುಕ್ಕೆ ಹೊತ್ತು ಪಕ್ಕದಲ್ಲೇ ಹಾದಾಗ ಬೆಳ್ಳುಳ್ಳಿ ಖಾರದ ವಾಸನೆ ಘಮ್ಮೆನ್ನುತ್ತದೆ. ಹುಳು ಸಾಕುವವರು ಒಗ್ಗರಣೆಯ ಕೈಯನ್ನೂ ತೊಳೆಯದೆ ಒಳಗೆ ಹೋಗುವುದಿಲ್ಲ. ಸೊಪ್ಪಿನ ಕೆಳಗೆ ಯಾರದೋ ಊಟವಿದೆ. ಬಾಗಿಲ ಚಿಲಕವನ್ನೂ ಹೊರಗಿನಿಂದ ಹಾಕಿದ್ದಾರೆ.

ಹುಡುಗ ಬದುಕಿದ್ದಾನೆ. ಇಮಾಮ್ ಸಾಬರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೂ ಅದನ್ನು ತೋರಗೊಡದೆ ಸೊಪ್ಪಿನ ಹೊರೆಯ ಮುಂದೆ ಕೂತು ಕಡ್ಡಿಯಿಂದ ಎಲೆ ಬಿಡಿಸತೊಡಗುತ್ತಾರೆ. ಈ ದಿನಗಳಲ್ಲಿ ಎಷ್ಟು ಕೈಯಿದ್ದರೂ ಸಾಲದು, ಹಾಗಾಗಿ ಮುನಿರಾಮಯ್ಯ ಏಳು ಎನ್ನಲಾರರು. ಕುಕ್ಕೆ ತುಂಬುತ್ತದೆ, ಇನ್ನೊಂದು ಕುಕ್ಕೆಯೂ ತುಂಬುತ್ತದೆ. ಒಳಗೆ ಹೋಗಿದ್ದ ತಾಯಿ ಮುಟ್ಟದ ಮುದ್ದೆಯನ್ನು ಹಾಗೇ ವಾಪಸು ತಂದು, ಇಮಾಮ್ ಸಾಬರ ಎದುರಿಗೆ ಕುಸಿಯುತ್ತಾರೆ.

"ಬಂದಾಗಿಂದ ಒಂದು ತುತ್ತು ತಿಂದಿಲ್ಲ ಸಾಬ್ರೆ. ಇವ್ರು ಊರಿಗೆಲ್ಲ ಮಗ ಅಮಲ್ದಾರನಾಯ್ತಾನೆ ಅಂತ ಸಾರವ್ರೆ. ಈಗ ಯಾರ್ಗೂ ಮಖ ತೋರಿಸ್ಬೇಡ ಅಂತ ಕೂಡಾಕವ್ರೆ."

ಮುನಿರಾಮಯ್ಯ ಈ ಸಲ ತಡೆಯುವುದಿಲ್ಲ. ತಾಯಿಯೇ ಚೊಂಬಿನಲ್ಲಿ ನೀರು ತಂದು, "ಕೈಕಾಲು ತೊಳ್ಕೊಂಡು ಒಳಕ್ಕೋಗಿ," ಎನ್ನುತ್ತಾರೆ. ಇಮಾಮ್ ಸಾಬ್ ಮೊಣಕಾಲವರೆಗೂ ತೊಳೆದು, ಕಂಬಳಿಯನ್ನು ಹೊರಗೇ ಇಟ್ಟು, ಕುಕ್ಕೆ ಹೊತ್ತು ಹೊಸಿಲು ದಾಟುತ್ತಾರೆ.

ಬಿದಿರು ತಟ್ಟೆಗಳ ಸಾಲಿನ ಹಿಂದೆ ಕೆಂಗಲಯ್ಯ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಾನೆ. ಇವರು ಪರೀಕ್ಷೆಯ ಸುದ್ದಿ ಎತ್ತುವುದಿಲ್ಲ. "ಆ ಕಡೆ ತಟ್ಟೆ ನಂಗೆ ಎಟುಕಲ್ಲ, ನೀನು ಹಾಕು ಮಗಾ," ಎಂದು ಸೊಪ್ಪು ಚಾಚುತ್ತಾರೆ. ಬಹಳ ಹೊತ್ತಾದ ಮೇಲೆ ಹುಡುಗ ಎದ್ದು ಹಾಕುತ್ತಾನೆ. ಆ ಸಾಲು ಮುಗಿಯುವ ಹೊತ್ತಿಗೆ ಮಾತು ಬರುತ್ತದೆ. ಪಾಠ ತಲೆಗೆ ಹತ್ತುವುದಿಲ್ಲ, ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಿದರೆ ಇಡೀ ತರಗತಿ ನಗುತ್ತದೆ, ನಿದ್ದೆ ಬಂದು ಎಷ್ಟು ದಿನವಾಯಿತೋ.

ಇಮಾಮ್ ಸಾಬ್ ಸುತ್ತಿಬಳಸದೆ ಕೇಳುತ್ತಾರೆ: "ಸಾಯ್ಬೇಕು ಅನ್ನಿಸ್ತದಾ?"

ಹುಡುಗ ಹೌದೆಂದು ತಲೆ ಆಡಿಸಿ ಬಿಕ್ಕುತ್ತಾನೆ.

ಈಚೆ ಬಂದ ಇಮಾಮ್ ಸಾಬ್ ಮುನಿರಾಮಯ್ಯನವರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳುತ್ತಾರೆ. ಹೆಸರು ಹೋಗುವ ಭಯದಲ್ಲಿದ್ದ ಮನುಷ್ಯನಿಗೆ ಮಗನೇ ಹೋಗುತ್ತಿದ್ದನೆಂದು ಆಗಷ್ಟೇ ಗೊತ್ತಾಗುತ್ತದೆ.

"ಚಿಲ್ಕ ಹಾಕ್ಬೇಡಿ ಮುನಿರಾಮಯ್ನೋರೆ. ಒಳಗೆ ಒಬ್ರು ಜೊತೇಲಿ ಕೂತ್ಕಳಿ. ಒಂದು ಗಳಿಗೇನೂ ಒಂಟಿ ಬುಡ್ಬೇಡಿ. ಬುದ್ಧಿಗಿದ್ಧಿ ಏನೂ ಹೇಳೋಕ್ ಹೋಗ್ಬೇಡಿ. ಸೊಪ್ಪು ಹಾಕಿ, ಅವ್ನ ಕೈಲೂ ಹಾಕ್ಸಿ. ಡಾಕ್ಟ್ರನ್ನ ನಾನು ಕರ್ಕೊಂಡ್ ಬತ್ತೀನಿ."

ಮಧ್ಯಾಹ್ನ ಇಳಿಯುವುದರೊಳಗೆ ಚನ್ನಪಟ್ಟಣದಿಂದ ಡಾಕ್ಟರು ಬರುತ್ತಾರೆ, ನಿದ್ದೆಗೆ ಔಷಧಿ ಕೊಡುತ್ತಾರೆ, ಕಾಲೇಜಿಗೆ ರಜೆಯ ಸರ್ಟಿಫಿಕೇಟು ಬರೆಯುತ್ತಾರೆ. ಸಂಜೆಯ ರೈಲಿಗೆ ಇಮಾಮ್ ಸಾಬ್ ಹೊರಟಾಗ ಕಂಬಳಿ ಅವರ ಹೆಗಲ ಮೇಲೇ ಇದೆ. ದೊಡ್ಡಲಕ್ಷ್ಮಮ್ಮ ಕೈ ಚಾಚಿದರೂ ಕೊಡುವುದಿಲ್ಲ.

"ಅವ್ನು ಬೇಡ ಅಂತ ಬುಟ್ಟಿದ್ದು ತಾಯಿ. ಬೇಕು ಅಂತ ಅವ್ನೇ ಕೇಳ್ಬೇಕು."

ಮುಂದಿನ ಶನಿವಾರವೂ ಕಂಬಳಿ ಬರುತ್ತದೆ, ಹಾಗೇ ಹೋಗುತ್ತದೆ. ಅದರ ಮುಂದಿನ ಶನಿವಾರ ಹೋದಾಗ ಹುಳುಮನೆಯ ಬಾಗಿಲಲ್ಲಿ ಚಿಲಕವೇ ಇಲ್ಲ. ಮುನಿರಾಮಯ್ಯ ಅದನ್ನು ಕಿತ್ತು ಹಾಕಿದ್ದಾರೆ. ಹುಳುಗಳು ಬಿದಿರು ಹೆಣಿಗೆಯ ಚಂದ್ರಿಕೆ ಹತ್ತಿ ಗೂಡು ಕಟ್ಟಿವೆ. ತಂದೆಯ ಪಕ್ಕದಲ್ಲಿ ಕೂತು ಗೂಡು ಬಿಡಿಸುತ್ತಿರುವ ಕೆಂಗಲಯ್ಯ ಇವರ ಹೆಗಲನ್ನೇ ನೋಡುತ್ತಾನೆ. ಕಾಲೇಜಿಗೆ ವಾಪಸು ಹೋಗುವನೋ ಇಲ್ಲವೋ ಯಾರಿಗೂ ತಿಳಿಯದು, ಇಮಾಮ್ ಸಾಬ್ ಕೇಳುವುದೂ ಇಲ್ಲ.

"ಸಾಬ್ರೆ, ಅದು ನಂದಲ್ವಾ?"

"ಹೂಂ, ನಿಂದೇ."

"ಕೊಡಿ. ಬೆಳಗಿನ ಜಾವ ಬೋ ಚಳಿ ಆಯ್ತದೆ."

ಇಮಾಮ್ ಸಾಬ್ ತಾವೇ ಅದನ್ನು ಕೊಡವಿ ಅವನ ಬೆನ್ನಿಗೆ ಹೊದಿಸುತ್ತಾರೆ. ಕತ್ತಲಾಗುವ ಹೊತ್ತಿಗೆ ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಡವಾಲಿ ಹಾಕಿಕೊಂಡು, ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿ ನಡುಗುತ್ತಾ ರೈಲಿಗೆ ಕಾಯುತ್ತಿದ್ದಾರೆ. ಮುಖದಲ್ಲಿ ಹಿಗ್ಗು ಅಡಗುತ್ತಿಲ್ಲ.

"ಹೆಗಲು ಖಾಲಿ ನೋಡಿ," ಎನ್ನುತ್ತಾರೆ. "ಒಸಿ ಚಳಿ ಆಯ್ತಾ ಐತೆ. ಆಗ್ಲಿ ಬುಡಿ."