ಅಪ್ಪನ ಕಂಬ, ಮಾಮನ ಕಲ್ಲು

ಚಾವಣಿ ಎಂಬುದು ಎಂದಿದ್ದರೂ ಕೆಳಗೆ ಬೀಳತಕ್ಕ ವಸ್ತು. ಅದನ್ನು ಕೆಳಗಿನಿಂದ ಎತ್ತಿ ಹಿಡಿಯುವುದೇ ಮನುಷ್ಯನ ಕರ್ತವ್ಯ. ಈ ಗಹನವಾದ ಸತ್ಯವನ್ನು ನಮ್ಮಪ್ಪ ಅಚಲವಾಗಿ ನಂಬಿದ್ದರು, ಅಂದರೆ ಐವತ್ತರ ದಶಕದ ಕೊನೆಯ ಒಂದು ಕಾರ್ತಿಕದ ಮಧ್ಯಾಹ್ನದವರೆಗೆ.

ಅಪ್ಪನದು ಮಾರಿಕುಪ್ಪಂ ಕಡೆಯ ಚಿನ್ನದ ಗಣಿಯಲ್ಲಿ ಮರದ ಕೆಲಸ. ಸುರಂಗದಲ್ಲಿ ಬಂಡೆ ಕುಸಿಯದಂತೆ ದಪ್ಪ ದಿಮ್ಮಿ ನಿಲ್ಲಿಸಿ, ಅದರ ತಲೆಗೆ ಬೆಣೆ ಬಡಿದು ಬಿಗಿ ಮಾಡುವುದು. ಅಲ್ಲಿ ಮೊಳೆ ಬೇಡ, ಹಗ್ಗ ಬೇಡ. ಬಂಡೆಯ ಭಾರವೇ ಕಂಬವನ್ನು ಅಲುಗದಂತೆ ಹಿಡಿಯುತ್ತದೆ. ಅಕ್ಕ ಬಾಣಂತನಕ್ಕೆ ಬಂದಾಗ ಅಪ್ಪ, ಗಣಿಯವರ ಸಾಲುಮನೆಗಳಲ್ಲೊಂದಾದ ನಮ್ಮ ಲೈನ್‌ಮನೆಯ ಅಂಗಳದಾಚೆ ತಟ್ಟಿಗೋಡೆಯ ಒಂದು ಕೋಣೆ ಎಬ್ಬಿಸಿದರು. ತೊಲೆಗಳಿಗೆ ತಗಡು ಹೊಡೆದು, ತೊಲೆಗಳನ್ನು ಕಂಬಗಳ ಮೇಲೆ ಕೂರಿಸಿ, ಗಣಿಯ ಶಾಸ್ತ್ರದಂತೆಯೇ ಬೆಣೆ ಬಡಿದರು. ಕಂಬಕ್ಕೂ ತೊಲೆಗೂ ನಡುವೆ ಮೊಳೆ, ಹಗ್ಗದ ಮಾತೇ ಬರಲಿಲ್ಲ.

ಆ ದಿನ ಅಮ್ಮನ ತಮ್ಮ ಬಂದಿದ್ದರು. ಬೂದಿಕೋಟೆ ಕಡೆಯ ಬೇಸಾಯಗಾರ ನಮ್ಮ ಮಾಮ. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಬಾಣಂತಿಗೆಂದು ತುಪ್ಪ, ಮೆಂತ್ಯ, ಜೊತೆಗೊಂದು ನಾಟಿ ಕೋಳಿ ತಂದಿದ್ದರು. ಮಗುವನ್ನು ನೋಡುವ ಮೊದಲೇ ಚಾವಣಿ ನೋಡಿದರು.

“ತಗಡಿನ ಮ್ಯಾಲೆ ಕಲ್ಲೆಲ್ಲಿ ಬಾವ?”

“ಕಲ್ಲ್ಯಾಕ್ಲಾ? ಕೆಳಗೆ ಕಂಬ ಕಾಣಲ್ವಾ? ಇಂಥ ಕಂಬದ ಮ್ಯಾಲೆ ಬೆಟ್ಟನೇ ಕುಂತೈತೆ.”

“ಒತ್ಕೊಳ್ಳೋಕೆ ಕಂಬ ಐತೆ, ಸರಿ. ಇಡ್ಕೊಳ್ಳೋಕೆ ಯಾರವ್ರೆ?”

“ನೀನು ಕಡ್ಲೆಕಾಯಿ ಕಿತ್ಕೊಂಡಿರು. ಚಾವಣಿ ಇಚಾರ ನಂಗೆ ಬಿಡು,” ಎಂದು ಅಪ್ಪ ಕಾಫಿ ಲೋಟ ಎತ್ತಿದರು.

ಲೋಟ ಖಾಲಿಯಾಗುವಷ್ಟರಲ್ಲಿ ಗುಡ್ಡದ ಹಿಂದಿನಿಂದ ಗಾಳಿ ಎದ್ದಿತು. ಮೊದಲು ಬಂದದ್ದು ಮಳೆಯಲ್ಲ, ಸೈನೈಡ್ ದಿಬ್ಬದ ಮರಳು. ಚಿನ್ನ ತೆಗೆದು ಬಿಸಾಡಿದ ಆ ಬೂದು ಹುಡಿ ಬೀಸಿ ಬಂದು, ಲೈನಿನ ಜನರೆಲ್ಲ ಒಂದೇ ಗಳಿಗೆಯಲ್ಲಿ ತಲೆ ನರೆತು ವಯೋವೃದ್ಧರಾದರು. ಹಿಂದೆಯೇ ಮಳೆ ಬಂದು ಎಲ್ಲರಿಗೂ ಯೌವನವನ್ನು ಮರಳಿಸಿತು. ನನಗಂತೂ ಕುಣಿಯುವಷ್ಟು ಖುಷಿ.

ತಗಡು ಪಟಪಟ ಬಡಿದುಕೊಳ್ಳತೊಡಗಿತು. ಬಾಣಂತಿಯನ್ನು ಮನೆಯೊಳಗೆ ಕರೆದೊಯ್ಯೋಣವೆಂದರೆ ನಡುವೆ ಅಂಗಳ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದಿದ್ದ ಬಾಣಂತಿಗೆ ಒಂದು ಹನಿಯೂ ತಾಗಕೂಡದೆಂಬುದು ಅಮ್ಮನ ಕಾನೂನು. ಆದ್ದರಿಂದ ಚಾವಣಿ ನಿಲ್ಲಲೇಬೇಕಿತ್ತು.

ಅಪ್ಪ ಸಮಸ್ತ ಗಾಂಭೀರ್ಯದೊಡನೆ ಸುತ್ತಿಗೆ ತಂದು ಬೆಣೆಗಳನ್ನು ಇನ್ನಷ್ಟು ಬಿಗಿಯಾಗಿ ಬಡಿದರು. ಏಟಿಗೊಂದಿಷ್ಟು ಚಾವಣಿ ಮೇಲೇರಿತು. ಸಂದಿ ಸಿಕ್ಕ ಗಾಳಿ ಒಳನುಗ್ಗಿ, ಕೈಲಾದ ಸಹಾಯ ಮಾಡಿತು.

“ಬಾವ, ನೀನು ಗಾಳಿ ಕಡೆಯೋನೋ ನಮ್ಮ ಕಡೆಯೋನೋ?” ಎಂದು ಕೂಗಿದ ಮಾಮ ಹಾರಿ ತೊಲೆಗೆ ಜೋತುಬಿದ್ದರು. ಚಾವಣಿ ಒಂದು ಕಡೆ ಇಳಿದು ಇನ್ನೊಂದು ಕಡೆ ಎದ್ದಿತು. ಅಪ್ಪ ಒಂದು ಕ್ಷಣ ಯೋಚಿಸಿದರು. ಆಮೇಲೆ ಸುತ್ತಿಗೆ ಕೆಳಗಿಟ್ಟು, ಆ ಕಡೆಯ ತೊಲೆಗೆ ತಾವೂ ಜೋತುಬಿದ್ದರು. ನಾನು ಅವರ ಸೊಂಟ ತಬ್ಬಿ ನನ್ನ ಅಲ್ಪ ಭಾರವನ್ನು ಸಮರ್ಪಿಸಿದೆ.

ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯ ತಮಿಳು ಅತ್ತೆ, “ಎನ್ನಣ್ಣಾ, ಊಂಜಲಾ?” ಎಂದರು. ಉಯ್ಯಾಲೆಯೇ ಎಂಬ ಪ್ರಶ್ನೆ.

“ಸಿರಿಚ್ಚದು ಪೋದುಂ, ವಂದು ತೊಂಗುಮ್ಮಾ,” ಎಂದರು ಅಪ್ಪ. ನಕ್ಕದ್ದು ಸಾಕು, ಬಂದು ನೇತಾಡು ಎಂಬ ಉತ್ತರ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು ನಡುವಿನ ತೊಲೆ ಹಿಡಿದರು. ನಮ್ಮ ಮೂವರಿಂದ ಆಗದ್ದು ಅವರೊಬ್ಬರಿಂದ ಬಹುಮಟ್ಟಿಗೆ ಆಯಿತು.

ಅಷ್ಟರಲ್ಲಿ ದಿಬ್ಬದ ಕೆಸರುನೀರು ಬಾಗಿಲು ದಾಟಿ, ಬೂದುಬಣ್ಣದ ಗಂಜಿಯಂತೆ ಕಣಕಾಲಿನವರೆಗೆ ನಿಂತಿತು. ಮೆಂತ್ಯದ ಗಂಟು ತೇಲಿತು. ಕೋಳಿ, ತನ್ನ ಮುಂದಿನ ಗತಿ ತಿಳಿಯದೆ, ಬಾಣಂತಿಯ ಮಂಚವನ್ನೇ ಆಶ್ರಯಿಸಿತು. ಅಕ್ಕ ಮಗುವನ್ನು ಅಪ್ಪಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ಬಾಣಂತಿ ಅಂಗೆ ನಗಬಾರ್ದು ಕಣೇ, ಗಾಳಿ ಸೇರ್ಕೊಂಡದು,” ಎಂದಳು ಅಮ್ಮ.

“ಅಕ್ಕ, ಗಾಳಿ ಒಳೀಕ್ ಬಂದು ಭಾಳ ಒತ್ತಾಯ್ತು. ನನ್ ಕೈ ಬಿಟ್ಟೋಯ್ತದೆ, ಏನಾರ ಮಾಡು,” ಎಂದು ಮಾಮ ಅಮ್ಮನಿಗೆ ಹೇಳಿದರು.

ಅಮ್ಮ ಮಗುವಿನ ಜೋಲಿಗೆಂದು ಎತ್ತಿಟ್ಟಿದ್ದ ಹಳೇ ಸೀರೆಗಳನ್ನು ಹೊಸೆದು, ತೊಲೆಗಳ ಮೇಲಿಂದ ಹಾಯಿಸಿ, ಮೂಲೆಯ ಒರಳುಕಲ್ಲಿಗೆ ಅಡ್ಡ ಉದ್ದ ಸುತ್ತಿ ಬಿಗಿದಳು. ಬಾಣಂತಿಗೆ ಖಾರ ಅರೆಯಲೆಂದು ಅಪ್ಪ ಗೊಣಗುತ್ತಾ ಉರುಳಿಸಿ ತಂದಿದ್ದ ಕಲ್ಲು ಅದು. ಗಾಳಿ ಮತ್ತೊಮ್ಮೆ ಎತ್ತಿ ನೋಡಿತು. ಸೀರೆ ಬಿಗಿಯಿತು, ಒರಳು ಮಿಸುಕಲಿಲ್ಲ.

“ಇನ್ನು ಇಳೀರಿ,” ಎಂದಳು ಅಮ್ಮ. ಎಲ್ಲರೂ ಇಳಿದೆವು. ಅಪ್ಪ ಕೊನೆಯವರಾಗಿ ಇಳಿದರು. ಇಳಿದವರು ಸೀರೆಯ ಗಂಟನ್ನು ಬಹಳ ಹೊತ್ತು ಪರೀಕ್ಷಿಸಿ, “ಪರವಾಗಿಲ್ಲ” ಎಂದರು.

ಮಳೆ ಸಂಜೆಗೆ ನಿಂತಿತು. ಹಾರಿಹೋಗಿದ್ದ ಅಂಚಿನ ಒಂದು ತಗಡು ಆಚೆಯ ಮೈಸೂರು ಮೈನ್ಸ್ ಗಣಿಯ ಕಡೆ ಸಿಕ್ಕಿತು. ಮಾರನೆಯ ದಿನ ಮಾಮ ಚಾವಣಿಯ ಮೇಲೆ ಕಲ್ಲು ಹೇರಿದರು. ಆ ಕಲ್ಲಿನ ಭಾರಕ್ಕೆಂದು ಅಪ್ಪ ಕೆಳಗೆ ಇನ್ನೊಂದು ಕಂಬ ಕೊಟ್ಟರು. ಬಾಣಂತಿಯೂ ಮಗುವೂ ನೆನೆದಿರಲಿಲ್ಲ.